ಗೆರೆ ಎಳೆದವರು ಯಾರು, ಗೇಣಿ ತೆತ್ತವರು ಯಾರು?

“ಬೈಂದೂರಿಗೆ ತಾಲೂಕು ಕೊಟ್ಟೆವು, ಬ್ರಹ್ಮಾವರಕ್ಕೂ ಕೊಟ್ಟೆವು, ಇನ್ನೇನು ಬೇಕು ನಿಮಗೆ?” ಎಂದು ವೇದಿಕೆಯ ಮೇಲೆ ನಿಂತು ಕೇಳುವವರಿದ್ದಾರೆ. “ಅಖಂಡ ಕುಂದಾಪುರವನ್ನು ತುಂಡು ಮಾಡಿಬಿಟ್ಟರಲ್ಲ!” ಎಂದು ಕಣ್ಣೀರು ಹಾಕುವವರೂ ಇದ್ದಾರೆ. ಅಕ್ಕಿಗಿರಣಿಯಲ್ಲಿ ಮೂಟೆ ಹೊರುವವನು, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುವವನು, ಹೆಮ್ಮಾಡಿಯಲ್ಲೋ ಕೋಟದಲ್ಲೋ ಸಣ್ಣ ಅಂಗಡಿ ಇಟ್ಟವನು ಈ ಎರಡು ಮಾತನ್ನೂ ಕೇಳಿ ಸುಮ್ಮನೆ ಮನೆಗೆ ಹೋಗುತ್ತಾನೆ. ಯಾಕೆಂದರೆ ಅವನ ಪ್ರಶ್ನೆಯೇ ಬೇರೆ. ನನ್ನ ಮನೆಯಡಿ ಜಾಗದ ಹಕ್ಕುಪತ್ರ ಎಲ್ಲಿ? ಅದಕ್ಕಾಗಿ ನಾನು ಇನ್ನೆಷ್ಟು ದಿನದ ಮಜೂರಿ ಕಳೆದುಕೊಳ್ಳಬೇಕು?

ಈ ಪ್ರಶ್ನೆಗೆ ಉತ್ತರ ಬೇಕಾದರೆ ನಮ್ಮ ತಾಲೂಕಿನ ಚರಿತ್ರೆಯನ್ನು ನಾವೇ ಓದಿಕೊಳ್ಳಬೇಕು. ಆಳಿದವರು ಬರೆಸಿದ ಚರಿತ್ರೆಯಲ್ಲಿ ಅರಸರಿದ್ದಾರೆ, ಕಲೆಕ್ಟರರಿದ್ದಾರೆ. ಮುಡಿ ಕಟ್ಟಿ ಅಕ್ಕಿ ಹೊತ್ತವನಿಲ್ಲ.

ಬಾರ್ಕೂರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತವೇ ಇತ್ತು. ಬಸರೂರಿನ ಬಂದರಿನಿಂದ ಅಕ್ಕಿ ಹಡಗು ಹತ್ತುತ್ತಿತ್ತು. ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬಿದ್ದು ಈ ಅಕ್ಕಿಯಿಂದ. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಬಸರೂರನ್ನು ಕೊಳ್ಳೆ ಹೊಡೆದದ್ದೂ ಅಲ್ಲಿ ಸಂಪತ್ತು ಇತ್ತೆಂದೇ. ಕೆಳದಿಯ ನಾಯಕರು ಹೋದರು, 1763ರಲ್ಲಿ ಹೈದರಾಲಿ ಬಂದ, 1799ರಲ್ಲಿ ಟಿಪ್ಪು ಮಡಿದ ಮೇಲೆ ಕುಂಪಣಿ ಬಂತು. ಧ್ವಜ ಬದಲಾಯಿತು, ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನು ಬದಲಾಗಲಿಲ್ಲ.

ಕುಂಪಣಿಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಕೆನರಾದಲ್ಲಿ ಭೂಮಿಗೆ ಖಾಸಗಿ ಒಡೆತನ ಹಿಂದಿನಿಂದಲೂ ಉಂಟೆಂದು ಅವನು ಬರೆದ. ಮಾತು ಸುಳ್ಳಲ್ಲ. ಆದರೆ ಯಾರ ಒಡೆತನ? ವರ್ಗದಾರನ ಒಡೆತನ! ಸರಕಾರದ ಪುಸ್ತಕದಲ್ಲಿ ತೀರ್ವೆ ಕಟ್ಟುವ ಮೂಲವರ್ಗದಾರನ ಹೆಸರು ಬಂತು. ಅವನ ಕೆಳಗೆ ಮೂಲಗೇಣಿಯವನಿಗೆ ಒಂದು ಚೀಟಿಯಾದರೂ ಇತ್ತು. ಅವನಿಗೂ ಕೆಳಗಿದ್ದ ಚಾಲಗೇಣಿಯವನಿಗೆ ಚೀಟಿಯೂ ಇಲ್ಲ, ಹೆಸರೂ ಇಲ್ಲ. ಧಣಿಯ ಮನಸ್ಸು ಕೆಟ್ಟರೆ ಮುಂದಿನ ಕಾರ್ತಿಗೆ ಗದ್ದೆಯೂ ಇಲ್ಲ. ಇದರ ಮೇಲೆ ಕುಮ್ಕಿ ಎಂಬ ಸವಲತ್ತು. ವರ್ಗ ಜಾಗದಿಂದ 450 ಗಜದೊಳಗಿನ ಸರಕಾರಿ ಭೂಮಿಯ ಸೊಪ್ಪು ಸೌದೆಯೆಲ್ಲ ವರ್ಗದಾರನಿಗೆ. ಆ ಕುಮ್ಕಿಯ ಮೂಲೆಯಲ್ಲಿ ಗುಡಿಸಲು ಕಟ್ಟಿಕೊಂಡ ಒಕ್ಕಲಿನ ಮೊಮ್ಮಕ್ಕಳು ಇಂದೂ ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ನಿಂತಿದ್ದಾರೆ.

ಕೆನರಾದ ರೈತ ಬಾಯಿ ಮುಚ್ಚಿಕೊಂಡಿದ್ದನೆಂದು ತಿಳಿಯಬೇಡಿ. 1830-31ರಲ್ಲಿ ಬೆಲೆ ಕುಸಿದು ತೀರ್ವೆ ಹೊರಲಾರದೆ ಹೋದಾಗ ಅವರು ಕೂಟ ಸೇರಿದರು. ಒಂದು ಮಾಗಣೆಯಿಂದ ಇನ್ನೊಂದು ಮಾಗಣೆಗೆ ಸುದ್ದಿ ಹೋಯಿತು. ತೀರ್ವೆ ಕೊಡೆವು ಎಂದು ಕೂತರು. ಅಸಹಕಾರ ಎಂಬ ಶಬ್ದ ಹುಟ್ಟುವ ಮೊದಲೇ ಅಸಹಕಾರ ನಡೆಸಿದ ನಾಡು ಇದು.

ಇನ್ನು ಗೆರೆಯ ಕಥೆ. 1859-60ರಲ್ಲಿ ಕೆನರಾವನ್ನು ಉತ್ತರ, ದಕ್ಷಿಣ ಎಂದು ಎರಡಾಗಿ ಸೀಳಿದರು. ಮೊದಲು ಕುಂದಾಪುರವನ್ನು ಉತ್ತರಕ್ಕೆ ಸೇರಿಸಿದರು. 1862ರಲ್ಲಿ ಉತ್ತರ ಕೆನರಾ ಮುಂಬಯಿಗೆ ಹೋಯಿತು. ಕುಂದಾಪುರವನ್ನು ಮಾತ್ರ ತೆಗೆದು ಮತ್ತೆ ದಕ್ಷಿಣಕ್ಕೆ, ಮದರಾಸಿಗೆ ಕೊಟ್ಟರು. ಯಾಕೆ ಈ ಆಟ? ಭಟ್ಕಳದವರು ಕೇಳಿದರೇ? ಶಿರೂರಿನವರು ಅರ್ಜಿ ಹಾಕಿದರೇ? ಇಲ್ಲ. ಘಟ್ಟದ ಮೇಲಿನ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಬೇಕೆಂದು ಹತ್ತಿ ವ್ಯಾಪಾರದ ದೊಡ್ಡ ಕುಳಗಳು ಒತ್ತಾಯ ಮಾಡಿದ್ದವು. ಬಿಳಿಯರ ಗಿರಣಿಗೆ ಹತ್ತಿ ಬೇಕಾಗಿತ್ತು. ನಮ್ಮ ಕರಾವಳಿಗೆ ಕತ್ತರಿ ಬಿತ್ತು. ಒಂದೇ ಮಾತು ಆಡುವ, ಒಂದೇ ಕಡಲಿಗೆ ಬಲೆ ಬೀಸುವ ಶಿರೂರು ಮತ್ತು ಭಟ್ಕಳ 94 ವರ್ಷ ಎರಡು ಸರಕಾರಗಳ ಕೆಳಗೆ ಬದುಕಿದವು. 1956ರ ನವೆಂಬರ್ 1ರಂದು ಮಾತ್ರ ಮತ್ತೆ ಒಂದು ರಾಜ್ಯಕ್ಕೆ ಸೇರಿದವು. ಅಂದೂ ಸಂತೋಷ ಪೂರ್ತಿಯಾಗಲಿಲ್ಲ, ಕಾಸರಗೋಡು ಕೇರಳದ ಪಾಲಾಯಿತು.

ಸ್ವರಾಜ್ಯ ಬಂದ ಮೇಲಾದರೂ ಕಚೇರಿ ಹತ್ತಿರ ಬಂತೇ? ಶಿರೂರಿನವನಿಗೆ ತಾಲೂಕು ಕಚೇರಿ ಸುಮಾರು 40 ಕಿಲೋಮೀಟರ್, ಜಿಲ್ಲಾ ಕಚೇರಿ ಸುಮಾರು 130 ಕಿಲೋಮೀಟರ್. 1997ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಾಯಿತು. ಬೈಂದೂರು, ಬ್ರಹ್ಮಾವರ ತಾಲೂಕುಗಳ ಘೋಷಣೆ 2013ರ ಬಜೆಟ್ಟಿನಲ್ಲಿ. ಬಾಗಿಲು ತೆರೆದದ್ದು 2018ರಲ್ಲಿ. ಘೋಷಣೆಗೂ ಬಾಗಿಲಿಗೂ ನಡುವೆ ಐದು ವರ್ಷ! ಘಟ್ಟದ ಬುಡದ ಶಂಕರನಾರಾಯಣದವರು ನಮಗೂ ತಾಲೂಕು ಕೊಡಿ ಎಂದು ಕೂಗುತ್ತಲೇ ಇದ್ದಾರೆ. ಹೊಸಂಗಡಿ, ಅಮಾಸೆಬೈಲಿನ ಕೂಲಿಯವನಿಗೆ ಬಸ್ಸಿನ ದಾರಿ ಎಷ್ಟೆಂದು ತಿಳಿದವರು ಆ ಕೂಗನ್ನು ಗೇಲಿ ಮಾಡಲಾರರು.

ಕಚೇರಿ ಹತ್ತಿರವಿದ್ದರೆ ಏನಾಗುತ್ತದೆ, ದೂರವಿದ್ದರೆ ಏನಾಗುತ್ತದೆ ಎಂಬುದಕ್ಕೆ 1974ಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆ ವರ್ಷ ಮಾರ್ಚ್ 1ರಂದು ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಭೂಮಿ ಸರಕಾರಕ್ಕೆ, ಅಲ್ಲಿಂದ ಉಳುವವನಿಗೆ. ತಾಲೂಕಿಗೆ ಭೂನ್ಯಾಯಮಂಡಳಿ ಬಂತು. ಏಳನೇ ನಮೂನೆಯ ಡಿಕ್ಲರೇಷನ್ ಹಾಕಲು ಕೊಟ್ಟ ವಾಯಿದೆ 1979ರ ಜೂನ್ 30ರ ತನಕ ಮುಂದುವರಿಯಿತು. ಧೈರ್ಯ ಮಾಡಿ ಹಾಕಿದ ಸಾವಿರಾರು ಒಕ್ಕಲುಗಳು ಒಡೆಯರಾದರು. ಇದು ಭಿಕ್ಷೆಯಲ್ಲ, ರೈತ ಚಳವಳಿಯ ಬೆವರಿನ ಫಲ. ಆದರೆ ಧಣಿಯ ದಾಕ್ಷಿಣ್ಯಕ್ಕೆ, ದೈವದ ಮೇಲಿನ ಆಣೆಗೆ, ಓದುಬರಹ ಬಾರದ ಅಂಜಿಕೆಗೆ ಡಿಕ್ಲರೇಷನ್ ಹಾಕದೆ ಉಳಿದವರು ಎಷ್ಟು ಮಂದಿ! ಕಾನೂನು ಬೆಂಗಳೂರಿನಲ್ಲಿತ್ತು, ನಮೂನೆ ಕುಂದಾಪುರದಲ್ಲಿತ್ತು, ಒಕ್ಕಲು ಕೊಲ್ಲೂರಿನ ಕಾಡಂಚಿನಲ್ಲಿದ್ದ. ನಡುವಿನ ದಾರಿಯಲ್ಲಿ ಹಕ್ಕು ಬಿದ್ದುಹೋಯಿತು.

ಇನ್ನೊಂದು ದೂರವಿದೆ, ಅದು ಭಾಷೆಯ ದೂರ. ಇಂಗ್ಲೆಂಡಿನ ಪಕ್ಕದಲ್ಲಿ ವೇಲ್ಸ್ ಎಂಬ ಬೆಟ್ಟಗುಡ್ಡದ ದೇಶವಿದೆ. ಅಲ್ಲಿಯ ರೈತರ ಭಾಷೆ ವೆಲ್ಷ್. 1536ರ ಕಾನೂನು ಅಲ್ಲಿಯ ಕೋರ್ಟಿಗೆ ಇಂಗ್ಲಿಷನ್ನೇ ಹೇರಿ, ವೆಲ್ಷ್ ಮಾತ್ರ ಬಲ್ಲವನಿಗೆ ಸರಕಾರಿ ಅಧಿಕಾರವಿಲ್ಲ ಎಂದಿತು. ಅದನ್ನು ಸಡಿಲಿಸಲು 1942ರ, 1967ರ, 1993ರ ಕಾನೂನುಗಳು ಬೇಕಾದವು. ಇಂದು ಅಲ್ಲಿಯ ಗ್ವಿನೆಡ್ ಕೌನ್ಸಿಲ್ ತನ್ನ ಕಚೇರಿಯ ಒಳಗಿನ ಕೆಲಸವನ್ನೂ ವೆಲ್ಷ್ ಭಾಷೆಯಲ್ಲೇ ನಡೆಸುತ್ತದೆ. ಹಳ್ಳಿಯವನು ತನ್ನ ಮನೆಮಾತಿನಲ್ಲಿ ಕೇಳುತ್ತಾನೆ, ಗುಮಾಸ್ತ ಅದೇ ಮಾತಿನಲ್ಲಿ ಉತ್ತರ ಕೊಡುತ್ತಾನೆ.

ನಮ್ಮಲ್ಲಿ? ರಾಜಭಾಷೆಯ ಕಾನೂನು 1963ರಲ್ಲೇ ಆಯಿತು. ಕಾಗದದ ಮೇಲೆ ಕನ್ನಡ ಬಂತು, ಒಪ್ಪೋಣ. ಆದರೆ ಅದು ಯಾರ ಕನ್ನಡ? “ಸದರಿ ಅರ್ಜಿಯನ್ನು ವಿಲೇಗೊಳಿಸಿ ಹಿಂಬರಹ ನೀಡಲಾಗಿದೆ” ಎಂದರೆ ಅರ್ಜಿ ಬಿದ್ದುಹೋಯಿತೆಂದು ಗೇರುಬೀಜದ ಕಾರ್ಖಾನೆಯ ಹೆಂಗಸಿಗೆ ಯಾರು ಹೇಳಬೇಕು? ಹೇಳುವವನು ಕಚೇರಿಯ ಜಗಲಿಯಲ್ಲಿ ಕೂತ ದಲ್ಲಾಳಿ. ಅವನಿಗೆ ಬೇರೆ ದಕ್ಷಿಣೆ. “ಹ್ವಾಯ್, ಸಾಹೇಬ್ರ್ ಇಲ್ಲೆ ಅಂಬ್ರ್, ನಾಳೆ ಬನಿ ಅಂಬ್ರ್” ಎಂದು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಹಿಂದಿರುಗುವವರ ಮಾತು ನಗೆನಾಟಕಕ್ಕೆ ಬೇಕು, ಆಷಾಢ ಅಮಾಸೆಯ ಕುಂದಾಪ್ರ ಕನ್ನಡ ಹಬ್ಬಕ್ಕೆ ಬೇಕು. ಕಚೇರಿಯ ಕಿಟಕಿಗೆ ಬೇಡ! ಹಬ್ಬ ಬೇಡವೆಂದು ನಾವು ಹೇಳುವುದಿಲ್ಲ. ಹಬ್ಬದ ಮರುದಿನ ಆ ಮಾತಿಗೆ ಮರ್ಯಾದೆ ಎಲ್ಲಿ ಎಂದು ಕೇಳುತ್ತೇವೆ.

“ತಾಲೂಕು ಹೆಚ್ಚಿದರೆ ಖರ್ಚು ಹೆಚ್ಚು” ಎನ್ನುವ ಲೆಕ್ಕಿಗರಿಗೆ ಒಂದು ಮಾತು. ಖರ್ಚು ಮೊದಲೂ ಇತ್ತು. ಬಸ್ಸಿನ ಚಾರ್ಜು, ಹೋದ ದಿನದ ಮಜೂರಿ, ಬಾಗಿಲು ಹಾಕಿದ ಅಂಗಡಿಯ ನಷ್ಟ, ಎಲ್ಲವನ್ನೂ ಬಡವನೇ ತೆತ್ತ. ಸರಕಾರದ ಪುಸ್ತಕದಲ್ಲಿ ಬರೆಯದ ಖರ್ಚು ಖರ್ಚಲ್ಲವೇ? “ಕುಂದಾಪುರ ಒಡೆಯಿತು” ಎಂದು ಅಳುವವರಿಗೂ ಒಂದು ಮಾತು. ಗೆರೆ ಎಳೆದರೆ ಜನ ಒಡೆಯುವುದಿಲ್ಲ. 94 ವರ್ಷ ಎರಡು ಪ್ರಾಂತಗಳಲ್ಲಿದ್ದರೂ ಶಿರೂರು ಭಟ್ಕಳ ನಂಟು ಬಿಡಲಿಲ್ಲ. ಜನ ಒಡೆಯುವುದು ಧಣಿ ಒಕ್ಕಲು ಎಂಬ ಗೆರೆಯಿಂದ.

ಆದುದರಿಂದ ನಾವು ಕೇಳುವುದು ಇಷ್ಟು. ಒಂದು, ಹೊಸ ತಾಲೂಕಿನಲ್ಲಿ ಕಟ್ಟಡವಷ್ಟೇ ಸಾಲದು; ಸರ್ವೆಯವರು, ಗುಮಾಸ್ತರು, ಹಳೆಯ ದಾಖಲೆಗಳು ಅಲ್ಲಿಗೇ ಬರಬೇಕು. ಎರಡು, ಕುಮ್ಕಿಯಲ್ಲಿ ಕೂತ ಬಡವರ ಮನೆಯಡಿ ಅರ್ಜಿಗಳನ್ನು ವಾಯಿದೆ ಹಾಕಿ ತೀರಿಸಬೇಕು. ಮೂರು, ವಾರಕ್ಕೊಂದು ದಿನ ಕಚೇರಿಯೇ ಹೋಬಳಿಗೆ ಹೋಗಬೇಕು. ಆ ದಿನ ಗಿರಣಿಯ ರಜೆಯ ದಿನವಾಗಿರಬೇಕು. ನಾಲ್ಕು, ಹಿಂಬರಹವನ್ನು ಕೊಟ್ಟವನೇ ಅರ್ಜಿದಾರನಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಬೇಕು.

ಗಿರಣಿಯ ಗೆಳೆಯರೇ, ಅಂಗಡಿಯ ಬಂಧುಗಳೇ! ಒಬ್ಬೊಬ್ಬರೇ ಕಿಟಕಿಯ ಮುಂದೆ ನಿಂತರೆ ‘ನಾಳೆ ಬನ್ನಿ’ ಎಂಬ ಉತ್ತರ ತಪ್ಪದು. ನಿಮ್ಮ ಬೀದಿಯಲ್ಲಿ ಬಾಕಿ ಉಳಿದ ಅರ್ಜಿಗಳ ಪಟ್ಟಿ ಮಾಡಿರಿ, ಅರ್ಜಿ ಹಾಕಿದ ತಾರೀಕನ್ನು ಬರೆಯಿರಿ, ಎಲ್ಲರೂ ಸೇರಿ ಒಂದೇ ದಿನ ಹೋಗಿರಿ. ಇನ್ನೂರು ವರ್ಷದ ಹಿಂದೆ ಈ ನಾಡಿನ ರೈತರು ಅದನ್ನು ಕೂಟ ಎಂದು ಕರೆದಿದ್ದರು.