ಕಡಲಿಗೂ ಒಂದು ವೇಳಾಪಟ್ಟಿಯಿದೆ

ಶೈಕ್ಷಣಿಕ ಪ್ರವಾಸದಲ್ಲಿ ಸಮುದ್ರವನ್ನೇ ಕೈಬಿಡಬೇಕೆಂಬ ಮಾತು ಇತ್ತೀಚೆಗೆ ನಮ್ಮ ಕಡೆ ಕೇಳಿಬರುತ್ತಿದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಕಡಲಿನ ಪಾಲಾದರು. ಆ ಸುದ್ದಿಯನ್ನು ಓದಿದ ಯಾವ ತಂದೆತಾಯಿಗೆ ತಾನೇ ಭಯವಾಗದು? ಇಂಡಿ, ಸಿಂದಗಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಸ್ವತಃ ಶಿಕ್ಷಕರು. ನನ್ನ ಅಭಿಪ್ರಾಯವನ್ನು ಕೇಳಿದ್ದಾರೆ. ಕಡಲನ್ನು ಕೈಬಿಡಬಾರದು. ಆದರೆ ಈಗ ಹೋಗಿಬರುವ ರೀತಿಯಲ್ಲಿ ಹೋಗಲೂ ಬಾರದು.

ನಮ್ಮ ಮಕ್ಕಳು ಕಂಡಿರುವ ನೀರು ಬೇರೆ ಬಗೆಯದು. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಆಲಮಟ್ಟಿಯ ಹಿನ್ನೀರನ್ನು ನೋಡಿಯೇ ಬೆಳೆದವರು. ಅದು ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಬೆಳಿಗ್ಗೆ ಕಂಡ ದಂಡೆ ಸಾಮಾನ್ಯವಾಗಿ ಸಂಜೆಗೂ ಅಲ್ಲಿಯೇ ಇರುತ್ತದೆ. ಕಡಲು ಹಾಗಲ್ಲ, ದಿನಕ್ಕೆ ಎರಡು ಬಾರಿ ಉಬ್ಬಿ ಎರಡು ಬಾರಿ ಇಳಿಯುತ್ತದೆ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ಸುವರ್ಣಾ, ಸೀತಾ ನದಿಗಳು ಕಡಲನ್ನು ಸೇರುವ ಅಳಿವೆಯನ್ನು ನೋಡಿದವರಿಗೆ ಇದು ತಿಳಿದೀತು. ಇಳಿತದ ವೇಳೆ ಮರಳ ದಿಬ್ಬಗಳು ತಲೆಯೆತ್ತುತ್ತವೆ. ಅದರ ಮೇಲೆ ನಡೆದುಹೋಗುವ ಆಸೆ ಯಾರಿಗಾದರೂ ಬಂದೀತು. ಉಬ್ಬರ ಆರಂಭವಾದಾಗ ನೀರು ಮೊದಲು ತುಂಬುವುದು ದಿಬ್ಬಕ್ಕೂ ದಂಡೆಗೂ ನಡುವಿನ ತಗ್ಗನ್ನು. ಎದುರಿನ ಅಲೆಯನ್ನು ನೋಡುತ್ತ ನಿಂತವನ ಹಿಂದಿನ ದಾರಿ ಅವನಿಗರಿವಿಲ್ಲದೆಯೇ ಮುಚ್ಚಿಹೋಗುತ್ತದೆ.

ಇದನ್ನು ಕಲಿಸಲು ನಮ್ಮವರಿಗೆ ಹೊಸ ವಿದ್ಯೆ ಬೇಕಿಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವವರು, ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವವರು ನಾವು. ತಿಥಿ ನಮಗೆ ಬಾಯಿಪಾಠ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಸುಮಾರಿಗೆ ಎರಡೂ ಕಡಿಮೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ದಿನದಿನಕ್ಕೆ ಸುಮಾರು 50 ನಿಮಿಷ, ನಮ್ಮ ಹಿರಿಯರ ಲೆಕ್ಕದಲ್ಲಿ ಎರಡು ಗಳಿಗೆ, ತಡವಾಗುತ್ತ ಹೋಗುತ್ತದೆ. ಎಂಟನೆಯ ತರಗತಿಯ ಹುಡುಗ ಮಾಡಬಹುದಾದ ಲೆಕ್ಕವಿದು. ಪುಸ್ತಕದಲ್ಲಿ ಉಬ್ಬರವಿಳಿತದ ಚಿತ್ರ ಬರೆಸಿ ಅಂಕ ಕೊಡುವ ನಾವು, ಬಸ್ಸು ಮಲ್ಪೆಗೆ ಮುಟ್ಟುವ ಹೊತ್ತನ್ನು ಮಾತ್ರ ಚಾಲಕನ ಅನುಕೂಲಕ್ಕೆ ಬಿಟ್ಟುಬಿಡುತ್ತೇವೆ! ಮೂರು ದಿನಗಳಲ್ಲಿ ಹತ್ತು ಊರು ಮುಗಿಸುವ ಪ್ರವಾಸಗಳನ್ನು ಕಂಡಿದ್ದೇನೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಶಿಕ್ಷಕ ಅರವತ್ತು ಮಕ್ಕಳನ್ನು ಕಾಯಬಲ್ಲನೆ?

ಹಾಗಿದ್ದರೂ ಏಕೆ ಹೋಗಬೇಕು? ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಉತ್ತರ ಕಣ್ಣೆದುರೇ ಇದೆ. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ಇಳಿದನೆಂಬುದು ಪ್ರತೀತಿ, ಅದು ಹಾಗಿರಲಿ. ಕಡಿದು ನಿಲ್ಲಿಸಿದಂತಿರುವ ಅಲ್ಲಿನ ಬಹುಮುಖದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಲಾವಾ ತಣಿದು ಆದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಇಂಡಿ, ಸಿಂದಗಿಯ ಎರೆಮಣ್ಣಿನ ಅಡಿಯ ಕರಿಕಲ್ಲೂ ಲಾವಾದಿಂದಲೇ ಆದುದು, ಸುಮಾರು 6.6 ಕೋಟಿ ವರ್ಷ ಹಳೆಯದು. ತನ್ನ ಹೊಲದ ಕಲ್ಲಿಗಿಂತ ಹಿರಿಯ ಕಲ್ಲನ್ನು ಕಡಲ ನಡುವೆ ಮುಟ್ಟಿ ನೋಡುವ ಭಾಗ್ಯವನ್ನು ಬಡ ರೈತನ ಮಗುವಿಗೆ ಶಾಲೆಯಲ್ಲದೆ ಬೇರಾರು ಕೊಡುತ್ತಾರೆ? ಅನುಕೂಲಸ್ಥರ ಮಕ್ಕಳು ಹೇಗೂ ಹೋಗಿಬರುತ್ತಾರೆ. ನಿಷೇಧದಿಂದ ವಂಚಿತರಾಗುವವರು ಉಳಿದವರು.

ಆದ್ದರಿಂದ ಶಿಕ್ಷಕ ಮಿತ್ರರೆ, ಹೊರಡುವ ಮುನ್ನ ಆ ದಿನದ ಉಬ್ಬರವಿಳಿತದ ವೇಳೆಯನ್ನು ಮಕ್ಕಳಿಂದಲೇ ಕಪ್ಪುಹಲಗೆಯ ಮೇಲೆ ಬರೆಸಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು. ಜೀವರಕ್ಷಕ ಕವಚವಿಲ್ಲದೆ ದೋಣಿ ಹತ್ತಿಸಬೇಡಿ. ಅಷ್ಟಮಿಯೇ ಇರಲಿ, ಇಳಿತವೇ ಇರಲಿ, ಮಕ್ಕಳು ಈಜಲು ಇಳಿಯಕೂಡದು. ಒಳಸೆಳೆತ ತಿಥಿಯನ್ನು ಕೇಳಿ ಬರುವುದಿಲ್ಲ. ದಡದ ಜೀವರಕ್ಷಕರು ಬೇಡವೆಂದರೆ ಮರುಮಾತಿಲ್ಲದೆ ಬಸ್ಸು ಹತ್ತಿಸಿ, ಮಕ್ಕಳು ಎಷ್ಟೇ ಮುಖ ಸಪ್ಪಗೆ ಮಾಡಿಕೊಂಡರೂ ಸರಿಯೆ.