ಅಗ್ಗದ ಇಯರ್‌ಬಡ್ಸ್‌ಗೆ ಮುಗಿಬೀಳೋ ಮುಂಚೆ: ಡಬ್ಬಿ ಓದಿ, ಬಿಲ್ ಕೇಳಿ

ಕಣಕಟ್ಟೆ: ಬ್ಲೂಟೂತ್ ಇಯರ್‌ಬಡ್ಸ್, ನೆಕ್‌ಬ್ಯಾಂಡ್, ಕೈಯಲ್ಲಿ ಹಿಡಿದು ಓಡಾಡೋ ಸ್ಪೀಕರ್ ಈಗ ಬರೀ ಶೋಕಿ ಸಾಮಾನಲ್ಲ. ಬಸ್ಸಲ್ಲಿ ಮೊಬೈಲ್‌ನಿಂದ ಜೋರಾಗಿ ಹಾಡು, ವಿಡಿಯೊ ಹಾಕಬಾರದು ಅಂತ ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲೇ ಆದೇಶ ಮಾಡಿದೆ. ಅರಸೀಕೆರೆಗೆ ದಿನಾ ಓಡಾಡೋರಿಗೆ ಕಿವಿಗೆ ಏನಾದ್ರೂ ಬೇಕೇ ಬೇಕು. ಎಷ್ಟು ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬೇಕು ಅನ್ನೋದೇ ಪ್ರಶ್ನೆ.

ತಿಂಗಳ ಲೆಕ್ಕ ಹಾಕಿ

400 ರೂ.ಗೆ ಬಿಲ್ ಇಲ್ಲದೆ ತಂದ ಬಡ್ಸ್ ನಾಲ್ಕು ತಿಂಗಳಿಗೆ ಕೈ ಕೊಟ್ಟರೆ ತಿಂಗಳಿಗೆ 100 ರೂ. ಬಿತ್ತು. ವಾರಂಟಿ ಇರೋ 1,200 ರೂ. ಮಾಲು ಎರಡು ವರ್ಷ ಬಂದ್ರೆ ತಿಂಗಳಿಗೆ 50 ರೂ. ಮಾತ್ರ.

ಬಾಳಿಕೆ ನಿಂತಿರೋದು ಬ್ಯಾಟರಿ ಮೇಲೆ. ಬಡ್ಸ್ ಒಂದೊಂದರಲ್ಲೂ ಸಾಮಾನ್ಯವಾಗಿ 30ರಿಂದ 50 ಎಂಎಎಚ್ ಬ್ಯಾಟರಿ ಇರುತ್ತೆ. ನೆಕ್‌ಬ್ಯಾಂಡ್‌ನಲ್ಲಿ ಅದಕ್ಕಿಂತ ದೊಡ್ಡದು. ಬಡ್ಸ್ ಬ್ಯಾಟರಿ ಸವೆದರೆ ಬದಲಾಯಿಸೋಕೆ ಹೆಚ್ಚುಕಮ್ಮಿ ಆಗಲ್ಲ. ತೆಂಗಿನ ತೋಟದ ಹುಲ್ಲಲ್ಲಿ ಒಂದು ಬಿದ್ದರೆ ಜೋಡಿನೇ ದಂಡ. ಕೆಲಸ ಮಾಡ್ತಾ ಕೇಳೋರಿಗೆ ನೆಕ್‌ಬ್ಯಾಂಡೇ ವಾಸಿ.

ಡಬ್ಬಿ ಮೇಲಿನ ಅಕ್ಷರಗಳು

ಇಎನ್‌ಸಿ ಅಂತ ಇದ್ರೆ ನಿಮ್ಮ ಸುತ್ತಲಿನ ಗದ್ದಲ ಫೋನಿನ ಆ ಕಡೆಯವರಿಗೆ ಕಮ್ಮಿ ಕೇಳಿಸುತ್ತೆ. ನಿಮಗೇ ಬಸ್ಸಿನ ಸದ್ದು ಕಮ್ಮಿ ಆಗಬೇಕಾದ್ರೆ ಎಎನ್‌ಸಿ ಇರಬೇಕು. ಎರಡೂ ಒಂದೇ ಅಂದ್ಕೊಂಡು ಹೆಚ್ಚಿಗೆ ಕೊಡಬೇಡಿ.

ಸ್ಪೀಕರ್‌ನಲ್ಲಿ ಪಿಎಂಪಿಒ ಅಂತ ನೂರಾರು ವ್ಯಾಟ್ ಬರೆದಿದ್ರೆ ಅದು ಕ್ಷಣಮಾತ್ರದ ಅಂಕಿ. ಆರ್‌ಎಂಎಸ್ ವ್ಯಾಟ್ ಎಷ್ಟು ಅಂತ ಕೇಳಿ.

ಐಪಿಎಕ್ಸ್4 ಅಂದ್ರೆ ನೀರಿನ ಹನಿ ತಡೆಯುತ್ತೆ. ಐಪಿಎಕ್ಸ್7 ಒಂದು ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತೆ. ಆದ್ರೆ ಆ ‘ಎಕ್ಸ್’ ಇದ್ದಲ್ಲಿ ಧೂಳಿನ ಬಗ್ಗೆ ಯಾವ ಖಾತ್ರಿಯೂ ಇಲ್ಲ. ನಮ್ಮ ಕಡೆ ಮಳೆಗಿಂತ ಧೂಳೇ ಜಾಸ್ತಿ. ಹೊರಗೆ ಬಳಸೋ ಸ್ಪೀಕರ್‌ಗೆ ಐಪಿ67 ಸಿಕ್ಕರೆ ಒಳ್ಳೇದು.

ವೈರ್‌ಲೆಸ್ ಹೆಡ್‌ಫೋನ್, ಬ್ಲೂಟೂತ್ ಸ್ಪೀಕರ್ ಎರಡಕ್ಕೂ ಭಾರತೀಯ ಮಾನಕ ಬ್ಯೂರೋ ನೋಂದಣಿ ಕಡ್ಡಾಯ. ಡಬ್ಬಿ ಅಥವಾ ಮಾಲಿನ ಮೇಲೆ ‘ಆರ್’ನಿಂದ ಶುರುವಾಗೋ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನ ಹಾಕಿ ನೋಡಿದ್ರೆ ಅಸಲಿಯೋ ನಕಲಿಯೋ ಅಂದಾಜು ಸಿಗುತ್ತೆ.

ಅಂಗಡಿಯವರು ಗೆಲ್ಲೋದು ಎಲ್ಲಿ?

ಆನ್‌ಲೈನ್‌ನಲ್ಲಿ 100-200 ರೂ. ಕಮ್ಮಿ ಇರಬಹುದು. ಆದ್ರೆ ಕೆಟ್ಟಾಗ ಸರ್ವಿಸ್ ಸೆಂಟರ್ ಹಾಸನದಲ್ಲಿದ್ರೆ, ಅರಸೀಕೆರೆಯಿಂದಲೇ ಸುಮಾರು 45 ಕಿ.ಮೀ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತೆ. ಊರಿನ ಅಂಗಡಿಯವರು ‘ಕೆಟ್ಟರೆ ತಂದುಕೊಡಿ, ನಾನೇ ಕಳಿಸ್ತೀನಿ’ ಅಂದ್ರೆ ಆ 200 ರೂ. ಹೆಚ್ಚಿಗೆ ಕೊಟ್ಟರೂ ಗಿರಾಕಿಗೆ ನಷ್ಟ ಇಲ್ಲ.

ಆದ್ರೆ ಆ ಮಾತು ಬಿಲ್ ಮೇಲೆ ಇರಬೇಕು. ಬಿಲ್ ಇಲ್ಲದೆ ವಾರಂಟಿ ಕೇಳೋದು ಕಷ್ಟ. ಬಿಲ್ ಕೊಡದಿರೋದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ‘ಬಿಲ್ ಬೇಡ ಅಂದ್ರೆ 50 ರೂ. ಬಿಡ್ತೀನಿ’ ಅನ್ನೋ ವ್ಯಾಪಾರದಲ್ಲಿ ಗಿರಾಕಿ ಕಳ್ಕೊಳ್ಳೋದು ಒಂದು ವರ್ಷದ ವಾರಂಟಿ, ಅಂಗಡಿಯವರು ಕಳ್ಕೊಳ್ಳೋದು ಮತ್ತೆ ಬರೋ ಗಿರಾಕಿಯನ್ನ.

ತಕರಾರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.