ಹೊಸಿಲಿನಿಂದ ಸ್ಟೇಷನ್ನಿಗೆ

ಪ್ರಯಾಣವು ಎಲ್ಲಿಂದ ಆರಂಭವಾಗುತ್ತದೆ? ರೈಲ್ವೆಯ ವೇಳಾಪಟ್ಟಿಯನ್ನು ಕೇಳಿದರೆ ಸ್ಟೇಷನ್ನಿನಿಂದ ಎನ್ನುತ್ತದೆ. ಮಧುಗಿರಿಯ ಗೃಹಿಣಿಯನ್ನು ಕೇಳಿದರೆ ಮನೆಯ ಹೊಸಿಲಿನಿಂದ ಎನ್ನುತ್ತಾಳೆ. ಈ ಎರಡು ಉತ್ತರಗಳ ನಡುವಣ ಅಂತರವನ್ನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಜನರು ಬಹುಕಾಲದಿಂದ ಬಸ್ಸಿನಲ್ಲಿ ಕುಳಿತು ಅಳೆಯುತ್ತ ಬಂದಿದ್ದಾರೆ.

ಮಧುಗಿರಿಯ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಕಿರಿಯ ಮಗ ಹುಬ್ಬಳ್ಳಿಯಲ್ಲಿ ಉದ್ಯೋಗದಲ್ಲಿದ್ದಾನೆ. ಅವನಿಗೆ ಗಂಡುಮಗುವಾಗಿದೆ, ನಾಮಕರಣಕ್ಕೆ ಎಲ್ಲರೂ ಹೋಗಬೇಕು. ಎಪ್ಪತ್ತು ದಾಟಿದ ತಾಯಿಗೆ ಮಂಡಿನೋವು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತಿರಲಾರರು. ಮನೆಯಲ್ಲಿರುವ ಹಿರಿಯ ಮಗ ಕಾಗದ, ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕೂತ. ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲು 2023ರ ಜೂನ್ 27ರಂದು ಆರಂಭವಾಯಿತು. 2024ರ ಆಗಸ್ಟ್‌ನಿಂದ ತುಮಕೂರಿನಲ್ಲಿಯೂ ನಿಲ್ಲತೊಡಗಿತು. ಸುಖಾಸನ, ತಂಪುಗಾಳಿ, ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿ. ಇನ್ನೇನು ಬೇಕು?

"ಅಮ್ಮಾ, ಬೆಳಿಗ್ಗೆ ತುಮಕೂರಲ್ಲಿ ಹತ್ತಿದರೆ ಮಧ್ಯಾಹ್ನದ ಊಟ ಮೊಮ್ಮಗನ ಮನೇಲಿ" ಎಂದ.

ತಾಯಿ ಕೇಳಿದರು: "ಬೆಳಿಗ್ಗೆ ಎಷ್ಟು ಹೊತ್ತಿಗಪ್ಪಾ?"

ತೊಡಕು ಇದ್ದುದು ಇಲ್ಲಿಯೆ. ಬೆಂಗಳೂರನ್ನು ಆರಕ್ಕೆ ಮುಂಚೆಯೆ ಬಿಡುವ ಆ ರೈಲು ಏಳರೊಳಗೆ ತುಮಕೂರನ್ನು ದಾಟಿ ಹೋಗುತ್ತದೆ. ಮಧುಗಿರಿಯಿಂದ ತುಮಕೂರಿಗೆ ನಲವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ಗಂಟುಮೂಟೆಗಳೊಡನೆ ಆರು ಗಂಟೆಗೆ ಸ್ಟೇಷನ್ನಿನಲ್ಲಿರಬೇಕಾದರೆ ನಾಲ್ಕಕ್ಕೆ ಮನೆ ಬಿಡಬೇಕು. ನಾಲ್ಕಕ್ಕೆ ಮನೆ ಬಿಡಬೇಕಾದರೆ ಹೆಂಗಸರು ಎರಡೂವರೆಗೆ ಏಳಬೇಕು.

"ರೈಲಿನೋರು ಓಡೋದನ್ನ ಮಾತ್ರ ಲೆಕ್ಕ ಹಾಕ್ತಾರೆ. ನಾವು ಕಾಯೋದನ್ನ ಯಾರು ಲೆಕ್ಕ ಹಾಕ್ತಾರಪ್ಪಾ?" ಎಂದರು ತಾಯಿ.

ಮಾತು ಸಣ್ಣದು, ಆದರೆ ರೈಲ್ವೆ ಯೋಜನೆಗಳ ತಿರುಳೆಲ್ಲ ಅದರಲ್ಲಿದೆ. ಕೊರಟಗೆರೆಯವರು ತುಮಕೂರಿಗೆ ಹತ್ತಿರದವರು. ಅವರು ಹೇಗೋ ಸುಧಾರಿಸಿಕೊಂಡಾರು. ಸಿರಾದವರಿಗೆ ಹೆದ್ದಾರಿಯುಂಟು, ಆದರೂ ಸುಮಾರು ಐವತ್ತು ಕಿಲೋಮೀಟರು ಹಿಂದಕ್ಕೆ ಬಂದು ರೈಲು ಹತ್ತಿ, ಅರಸೀಕೆರೆ, ಬೀರೂರುಗಳ ಸುತ್ತುದಾರಿಯಲ್ಲಿ ದಾವಣಗೆರೆಗೆ ಹೋಗಬೇಕು. ಪಾವಗಡದ ಪಾಡು ಇನ್ನೂ ವಿಚಿತ್ರ. ಮೂರು ಕಡೆ ಆಂಧ್ರದಿಂದ ಸುತ್ತುವರಿದ ಆ ತಾಲ್ಲೂಕಿನವರಿಗೆ ತಮ್ಮ ಜಿಲ್ಲೆಯ ಮುಖ್ಯಪಟ್ಟಣದ ಸ್ಟೇಷನ್ನಿಗಿಂತ ನೆರೆರಾಜ್ಯದ ಹಿಂದೂಪುರದ ಸ್ಟೇಷನ್ನೇ ಸಮೀಪ.

ಹೊರದೇಶದ ಒಂದು ನಿದರ್ಶನವನ್ನು ನೋಡಬಹುದು. ಸ್ಪೇನ್ ದೇಶದ ಮ್ಯಾಡ್ರಿಡ್, ಬಾರ್ಸಿಲೋನಾ ನಗರಗಳ ನಡುವೆ 621 ಕಿಲೋಮೀಟರುಗಳ ವೇಗದ ಮಾರ್ಗವಿದೆ. 2008ರ ಫೆಬ್ರವರಿಯಲ್ಲಿ ಅದು ಪೂರ್ಣಗೊಂಡಿತು. ಗಂಟೆಗೆ 300 ಕಿಲೋಮೀಟರು ವೇಗದಲ್ಲಿ ಓಡುವ ರೈಲು ಎರಡೂವರೆ ಗಂಟೆಯಲ್ಲಿ ಈ ದೂರವನ್ನು ಕ್ರಮಿಸಬಲ್ಲುದು. ಬೆಂಗಳೂರಿನಿಂದ ಧಾರವಾಡಕ್ಕೆ ಅದಕ್ಕಿಂತ ಕಡಮೆ ದೂರ. ಆದರೂ ನಮ್ಮ ವೇಗದ ರೈಲಿಗೆ ಆರು ಗಂಟೆಗೂ ಮೇಲ್ಪಟ್ಟು ಹಿಡಿಯುತ್ತದೆ. ಇದನ್ನು ಕೇಳಿ ಬೆರಗಾಗುವವರು ಬಹಳ. ಆದರೆ ಅಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ಬೇರೊಂದು ಏರ್ಪಾಟು. ಮ್ಯಾಡ್ರಿಡ್‌ನ ಆಟೋಚಾ ನಿಲ್ದಾಣಕ್ಕೆ ಉಪನಗರಗಳಿಂದ ಸಾಧಾರಣ ರೈಲುಗಳೂ ಬಂದು ಸೇರುತ್ತವೆ. ಅಲ್ಲಿನ ಸರ್ಕಾರಿ ರೈಲು ಸಂಸ್ಥೆಯ ವೇಗದ ರೈಲಿಗೆ ಟಿಕೇಟು ಕೊಂಡವನು, ಆ ನಿಲ್ದಾಣವನ್ನು ತಲಪಲು ಉಪನಗರದ ರೈಲಿನಲ್ಲಿ ಬೇರೆ ಹಣ ತೆರದೆ ಬರಬಹುದು. ಪ್ರಯಾಣ ಮನೆಯಿಂದಲೆ ಆರಂಭವಾಗುತ್ತದೆಂಬುದನ್ನು ಅಲ್ಲಿನವರು ಒಪ್ಪಿಕೊಂಡಿದ್ದಾರೆಂದಾಯಿತು.

ನಮ್ಮ ಸೀಮೆಗೂ ಇಂಥ ಭರವಸೆಗಳು ಇಲ್ಲದಿಲ್ಲ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ರಾಯದುರ್ಗಕ್ಕೆ 207 ಕಿಲೋಮೀಟರುಗಳ ಮಾರ್ಗ 2007-08ರಲ್ಲಿ ಮಂಜೂರಾಯಿತು. ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ 191 ಕಿಲೋಮೀಟರುಗಳ ಮಾರ್ಗಕ್ಕೆ 2011-12ರಲ್ಲಿ ಒಪ್ಪಿಗೆ ದೊರೆಯಿತು. ಭೂಮಿಯನ್ನು ರಾಜ್ಯ ಸರ್ಕಾರ ಒದಗಿಸಬೇಕು, ವೆಚ್ಚದಲ್ಲಿಯೂ ಪಾಲು ಕೊಡಬೇಕು ಎಂಬುದು ಒಪ್ಪಂದ. ರಾಯದುರ್ಗದ ಕಡೆಯಿಂದ ಆಂಧ್ರದ ಕಲ್ಯಾಣದುರ್ಗದವರೆಗೆ ರೈಲು ಬಂತು. 2024ನೆಯ ಇಸವಿ ಮುಗಿದಾಗಲೂ ಮಧುಗಿರಿಗೆ ಬಂದಿರಲಿಲ್ಲ, ಸಿರಾಕ್ಕೂ ಬಂದಿರಲಿಲ್ಲ.

ಈ ಹಳಿಗಳು ಬಂದಾಗ ಅವುಗಳ ಮೇಲೆ ಅತಿವೇಗದ ರೈಲು ಓಡಬೇಕೆಂದು ಹಾರೈಸುವವರಿದ್ದಾರೆ. ಹಾರೈಕೆ ತಪ್ಪಲ್ಲ. ಆದರೆ ವೇಗದ ರೈಲು ಸಣ್ಣ ಊರುಗಳಲ್ಲಿ ನಿಲ್ಲುವುದಿಲ್ಲ. ನಿಂತರೆ ಅದರ ವೇಗ ಉಳಿಯುವುದಿಲ್ಲ. ಮಧುಗಿರಿಗೆ ಬೇಕಾದದ್ದು ಬೆಳಗಿನ ಜಾವದಲ್ಲಿ ಹೊರಟು, ದಾರಿಯ ಊರುಗಳಲ್ಲೆಲ್ಲ ನಿಂತು, ವೇಗದ ರೈಲು ಬರುವುದಕ್ಕೆ ಅರ್ಧ ಗಂಟೆ ಮೊದಲು ತುಮಕೂರನ್ನು ಮುಟ್ಟುವ ಒಂದು ಸಾಧಾರಣ ರೈಲು. ಆ ನಿಧಾನದ ರೈಲಿನ ಹೊಂದಿಕೆಯಿದ್ದಾಗಲೆ ವೇಗದ ರೈಲು ಈ ಜನರ ಪಾಲಿಗೆ ವೇಗದ್ದಾಗುತ್ತದೆ. ಹಳಿ ಬರುವವರೆಗೆ, ಅದೇ ಹೊತ್ತಿಗೆ ಸ್ಟೇಷನ್ನಿನ ಬಾಗಿಲಿಗೇ ಬಂದು ನಿಲ್ಲುವ ಬಸ್ಸೊಂದು ಇದ್ದರೂ ಅರ್ಧ ಕಷ್ಟ ಕಳೆದೀತು.

ಅದುವರೆಗೆ ಪ್ರಯಾಣಿಕನ ಮುಂದಾಲೋಚನೆಯೆ ಅವನಿಗೆ ಆಸರೆ. 2024ರ ನವೆಂಬರಿನಿಂದ ಟಿಕೇಟನ್ನು 120 ದಿನ ಮೊದಲಲ್ಲ, 60 ದಿನ ಮೊದಲು ಮಾತ್ರ ಕಾದಿರಿಸಬಹುದೆಂದು ನಿಯಮವಾಗಿದೆ. ಹಬ್ಬ, ಮದುವೆಗಳ ಕಾಲದಲ್ಲಿ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಲೇಸು. ತುಮಕೂರು ನಡುವಣ ಸ್ಟೇಷನ್ನು. ರೈಲು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮುದುಕರಿದ್ದರೆ ಸಾಮಾನು ಕಡಮೆಯಿರಲಿ. ಡಬ್ಬಿ ನಿಲ್ಲುವ ಜಾಗವನ್ನು ಮೊದಲೇ ವಿಚಾರಿಸಿಕೊಂಡಿರಲಿ.

ಮಧುಗಿರಿಯ ಮನೆಯಲ್ಲಿ ಲೆಕ್ಕವನ್ನು ತಾಯಿಯೇ ಮುಗಿಸಿದರು. "ಹಿಂದಿನ ದಿನ ಸಂಜೆ ಬಸ್ಸಿಗೆ ಹೋಗೋಣ. ರಾತ್ರಿ ತುಮಕೂರಲ್ಲಿ ನಿನ್ನ ಸೋದರತ್ತೆ ಮನೇಲಿ ಮಲಗಿದ್ದು ಬೆಳಿಗ್ಗೆ ಹತ್ತಿದರಾಯಿತು. ಅವರನ್ನೂ ನೋಡಿದ ಹಾಗಾಯ್ತು."

ಮಗ ಪೆನ್ಸಿಲನ್ನು ಕೆಳಗಿಟ್ಟ. ಆರು ಗಂಟೆಯ ಪ್ರಯಾಣ ಒಂದು ರಾತ್ರಿ, ಒಂದು ಹಗಲಿನ ಪ್ರಯಾಣವಾಗಿತ್ತು. ತಾಯಿ ಕೂಸಿಗೆ ಹೊಲಿಸಿದ್ದ ಕುಲಾವಿಯನ್ನು ಮಡಿಸಿ ಚೀಲದಲ್ಲಿಡುತ್ತ ಕೇಳಿದರು:

"ಆ ಮಗೂನ ಮದುವೆ ಹೊತ್ತಿಗಾದರೂ ನಮ್ಮೂರಲ್ಲೇ ರೈಲು ಹತ್ತಬಹುದೇನಪ್ಪಾ?"